ದಾಖಲೆಗಿಂತ ದಿನಚರ್ಯೆ ದೊಡ್ಡದು

ಈಜಿನಲ್ಲಿ ಅಥವಾ ಓಟದಲ್ಲಿ ಯಾರಾದರೂ ದಾಖಲೆ ಮಾಡಿದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಮ್ಮ ಜನರಲ್ಲಿ ಎರಡು ಬಗೆಯ ಪ್ರತಿಕ್ರಿಯೆ ಕಾಣುತ್ತದೆ. "ಅದು ದೇವರು ಕೊಟ್ಟ ದೇಹ, ನಮ್ಮಂಥವರಿಗೆಲ್ಲಿ ಸಾಧ್ಯ" ಎಂದು ಪುಟ ಮಗುಚುವವರು ಹೆಚ್ಚು. ಇನ್ನು ಕೆಲವರು ಮರುದಿನ ಬೆಳಿಗ್ಗೆಯೇ ಹೊಸ ಬೂಟು ಧರಿಸಿ, ಇಪ್ಪತ್ತು ವರ್ಷಗಳಿಂದ ಓಡದ ಕಾಲುಗಳನ್ನು ಒಮ್ಮೆಲೇ ಐದು ಕಿಲೋಮೀಟರ್ ಓಡಿಸಿ, ವಾರದೊಳಗೆ ಮೊಣಕಾಲು ಹಿಡಿದುಕೊಂಡು ವೈದ್ಯರ ಬಾಗಿಲಿಗೆ ಬರುತ್ತಾರೆ. ಕೊಕ್ಕರ್ಣೆಯಂತಹ ಗ್ರಾಮದಲ್ಲಿ ಮೂರು ದಶಕಗಳಿಗೂ ಮಿಕ್ಕಿ ರೋಗಿಗಳನ್ನು ನೋಡುತ್ತ ಬಂದಿರುವ ನನಗೆ ಈ ಎರಡೂ ಬಗೆಯವರ ಪರಿಚಯ ಚೆನ್ನಾಗಿಯೇ ಇದೆ. ಇಬ್ಬರೂ ನೋಡುವುದು ದಾಖಲೆಯನ್ನು ಮಾತ್ರ. ಅದರ ಹಿಂದಿರುವ ದಿನಚರ್ಯೆಯನ್ನಲ್ಲ. ಹವ್ಯಾಸಿ ಕ್ರೀಡಾಪಟುವಿನ ಬದುಕಿನಿಂದ ನಾವು ಕಲಿಯಬೇಕಾದುದು ಆ ದಿನಚರ್ಯೆಯನ್ನೇ ಎಂಬುದು ಈ ಲೇಖನದ ಅಭಿಪ್ರಾಯ.

ನಮ್ಮ ಉಡುಪಿ ಜಿಲ್ಲೆಯ ಉದಾಹರಣೆಯನ್ನೇ ನೋಡೋಣ. 2021ರ ಜನವರಿಯಲ್ಲಿ ಮಲ್ಪೆಯ ಸಮೀಪದ ಪಡುಕೆರೆಯಲ್ಲಿ ಗಂಗಾಧರ ಜಿ. ಕಡೆಕಾರ್ ಅವರು ಪದ್ಮಾಸನ ಹಾಕಿ, ಕಾಲುಗಳಿಗೆ ಸರಪಳಿ ಬಿಗಿಸಿಕೊಂಡು, ಸಮುದ್ರದಲ್ಲಿ 1400 ಮೀಟರ್ ದೂರವನ್ನು ಸುಮಾರು 1 ಗಂಟೆ 13 ನಿಮಿಷಗಳಲ್ಲಿ ಈಜಿದರು. ಆಗ ಅವರ ವಯಸ್ಸು 65. ಅದಕ್ಕೆ ಎಂಟು ವರ್ಷ ಮೊದಲು, 2013ರಲ್ಲಿ, ಕೋಡಿ ಕನ್ಯಾನದ ಮೀನುಗಾರ ಸಮುದಾಯದ ಗೋಪಾಲ ಖಾರ್ವಿಯವರು ಕೈಕಾಲುಗಳಿಗೆ ಕೋಳ ತೊಡಿಸಿಕೊಂಡು, ಸೈಂಟ್ ಮೇರಿಸ್ ದ್ವೀಪದ ಕಡೆಯಿಂದ ಮಲ್ಪೆಯತ್ತ 3.071 ಕಿಲೋಮೀಟರ್ ಈಜಿ ಗಿನ್ನೆಸ್ ದಾಖಲೆಗೆ ಸೇರಿದರು. ಸರಪಳಿ ಬಿಗಿದು ಈಜುವುದು ಅನುಕರಣೆಗೆ ಯೋಗ್ಯವಾದ ಕಾರ್ಯವಲ್ಲವೆಂಬುದನ್ನು ವೈದ್ಯನಾಗಿ ಮೊದಲೇ ಹೇಳಿಬಿಡುತ್ತೇನೆ. ಅದು ತಜ್ಞರ ಕಣ್ಗಾವಲಿನಲ್ಲಿ, ದೋಣಿಗಳ ರಕ್ಷಣೆಯಲ್ಲಿ, ಜೀವಮಾನದ ಅಭ್ಯಾಸವುಳ್ಳವರು ಮಾಡತಕ್ಕ ಸಾಹಸ. ನಾನು ಬೆರಗಾಗುವುದು ಸರಪಳಿಯನ್ನು ಕಂಡಲ್ಲ. ನಿವೃತ್ತಿಯ ವಯಸ್ಸು ದಾಟಿದ ವ್ಯಕ್ತಿಯೊಬ್ಬರು ಒಂದು ಗಂಟೆಗೂ ಹೆಚ್ಚು ಕಾಲ ಉಸಿರನ್ನು ಹದದಲ್ಲಿಟ್ಟುಕೊಂಡು ಅಲೆಗಳ ನಡುವೆ ಮುಂದುವರಿಯಬಲ್ಲರು ಎಂಬ ಸಂಗತಿಯನ್ನು ಕಂಡು. ಆ ಒಂದು ಗಂಟೆಯ ಹಿಂದೆ ಯಾವ ಪತ್ರಿಕೆಯೂ ಬರೆಯದ ಸಾವಿರಾರು ಬೆಳಗುಗಳಿವೆ.

ಹವ್ಯಾಸಿ ಎಂಬ ಮಾತಿನ ಅರ್ಥವನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಕ್ರೀಡೆಯನ್ನೇ ಜೀವನೋಪಾಯ ಮಾಡಿಕೊಂಡವರಿಗೆ ತರಬೇತುದಾರರು, ಆಹಾರತಜ್ಞರು, ಬಿಡುವು ಎಲ್ಲವೂ ಇರುತ್ತವೆ. ಹವ್ಯಾಸಿಗೆ ಹೊಲವಿದೆ, ಅಂಗಡಿಯಿದೆ, ಶಾಲೆಯ ಪಾಠವಿದೆ, ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಇವೆಲ್ಲವುಗಳ ನಡುವೆ ದಿನಕ್ಕೆ ಮುಕ್ಕಾಲು ಗಂಟೆಯನ್ನು ತನ್ನ ದೇಹಕ್ಕಾಗಿ ಮೀಸಲಿಡುವವನೇ ಹವ್ಯಾಸಿ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ ದೇಶವೇ ಅವರನ್ನು ಒಲಿಂಪಿಕ್ ಓಟಗಾರರಿಗೆ ಹೋಲಿಸಿತು. ಕೋಣಗಳ ಸೆಳೆತದೊಡನೆ ಕೆಸರಿನಲ್ಲಿ ಓಡುವುದಕ್ಕೂ ಟ್ರ್ಯಾಕಿನ ಓಟಕ್ಕೂ ಹೋಲಿಕೆ ಸಲ್ಲದು. ಕಟ್ಟಡದ ಕೆಲಸ ಮಾಡುತ್ತಿದ್ದ ಅವರು ತಮ್ಮ ಓಟ ಕಂಬಳದ ಗದ್ದೆಯದೆಂಬ ವಿವೇಕವನ್ನು ತೋರಿದರು. ತನ್ನ ಬಲ ಯಾವುದು, ಅದರ ಎಲ್ಲೆ ಯಾವುದು ಎಂದು ಅರಿತಿರುವುದೇ ಹವ್ಯಾಸಿಯ ಮೊದಲ ಗುಣ.

ಆಯುರ್ವೇದ ಶಾಸ್ತ್ರವು ಈ ಎಲ್ಲೆಯ ಬಗೆಗೆ ಬಹು ಹಿಂದೆಯೇ ಚಿಂತಿಸಿದೆ. ಸುಶ್ರುತರೂ ವಾಗ್ಭಟರೂ ವ್ಯಾಯಾಮವನ್ನು ಅರ್ಧ ಬಲದಷ್ಟು ಮಾತ್ರ ಮಾಡಬೇಕೆಂದು ವಿಧಿಸಿದ್ದಾರೆ. ಅರ್ಧ ಬಲವನ್ನು ಅಳೆಯುವುದು ಹೇಗೆ? ಹಣೆ, ಮೂಗು, ಕಂಕುಳುಗಳಲ್ಲಿ ಬೆವರು ಮೂಡಿದಾಗ, ಬಾಯಿ ಒಣಗತೊಡಗಿದಾಗ, ಮೂಗಿನ ಉಸಿರು ಸಾಲದೆ ಬಾಯಿಯಿಂದ ಉಸಿರೆಳೆಯುವಂತಾದಾಗ ಅರ್ಧ ಬಲ ವ್ಯಯವಾಯಿತೆಂದು ತಿಳಿಯಬೇಕು. ಇಂದಿನ ವೈದ್ಯರು ಹೇಳುವ ಸರಳ ಪರೀಕ್ಷೆಯೂ ಇದಕ್ಕೆ ಹತ್ತಿರದ್ದೇ: ನಡೆಯುವಾಗ ಅಥವಾ ಓಡುವಾಗ ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಮಾತೇ ನಿಂತುಹೋದರೆ ಎಲ್ಲೆ ಮೀರಿತೆಂದು ಅರ್ಥ. ಈ ಅಳತೆಗೆ ದುಬಾರಿ ಕೈಗಡಿಯಾರವಾಗಲಿ ಮೊಬೈಲ್ ಆಗಲಿ ಬೇಕಿಲ್ಲ. ಎಲ್ಲೆ ಮೀರಿದರೆ ಬಾಯಾರಿಕೆ, ಬಳಲಿಕೆ, ಕೆಮ್ಮು, ಜ್ವರ, ಉಬ್ಬಸ, ರಕ್ತಪಿತ್ತಗಳು ಬರುತ್ತವೆಂದು ಶಾಸ್ತ್ರ ಎಚ್ಚರಿಸುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ವೃದ್ಧರು ವ್ಯಾಯಾಮ ಮಾಡಬಾರದೆಂದು ವಾಗ್ಭಟರೇ ಹೇಳಿದ್ದಾರಲ್ಲವೇ ಎಂದು ಓದಿದವರು ಕೇಳುವುದುಂಟು. ನಿಜ, ಅಷ್ಟಾಂಗಹೃದಯದಲ್ಲಿ ಬಾಲಕರು, ವೃದ್ಧರು, ಅಜೀರ್ಣವುಳ್ಳವರು, ವಾತಪಿತ್ತದ ರೋಗಿಗಳು ವ್ಯಾಯಾಮವನ್ನು ಬಿಡಬೇಕೆಂಬ ಮಾತಿದೆ. ಆದರೆ ಅಲ್ಲಿ ವ್ಯಾಯಾಮವೆಂದರೆ ದೇಹಕ್ಕೆ ಆಯಾಸವನ್ನುಂಟುಮಾಡುವ ಕಠಿಣ ಶ್ರಮ. ಅದು ಬಲಶಾಲಿಗಳಿಗೆ, ಜಿಡ್ಡಿನಂಶವುಳ್ಳ ಆಹಾರ ಸೇವಿಸುವವರಿಗೆ ಹೇಳಿದ ವಿಧಿ. ಮಿತವಾದ ನಡಿಗೆಯನ್ನು ಶಾಸ್ತ್ರ ಆಯುಷ್ಯಕ್ಕೂ ಅಗ್ನಿಗೂ ಹಿತವೆಂದೇ ಕೊಂಡಾಡುತ್ತದೆ. ವ್ಯಾಯಾಮಶೀಲನನ್ನು ಮುಪ್ಪು ಹಠಾತ್ತನೆ ಆಕ್ರಮಿಸದೆಂದು ಸುಶ್ರುತರು ಹೇಳುತ್ತಾರೆ. ಅರ್ಧ ಬಲವೆಂಬುದು ಅವರವರ ಬಲದ ಅರ್ಧ. ಇಪ್ಪತ್ತರ ಯುವಕನಿಗೆ ಅದು ಹತ್ತು ಕಿಲೋಮೀಟರ್ ಓಟವಾದರೆ ಎಪ್ಪತ್ತರ ಅಜ್ಜಿಗೆ ಅಂಗಳದ ನಾಲ್ಕು ಸುತ್ತು. ಇಬ್ಬರೂ ಶಾಸ್ತ್ರವನ್ನು ಸಮಾನವಾಗಿಯೇ ಪಾಲಿಸಿದಂತಾಯಿತು.

ಎಲ್ಲೆಯನ್ನು ಹಿಗ್ಗಿಸಿಕೊಳ್ಳುವ ಬಗೆಯೂ ಶಾಸ್ತ್ರದಲ್ಲಿದೆ. ಅಹಿತವಾದುದನ್ನು ಬಿಡುವಾಗಲೂ ಹಿತವಾದುದನ್ನು ಹಿಡಿಯುವಾಗಲೂ ಕಾಲು ಭಾಗದಂತೆ ಹಂತಹಂತವಾಗಿ ಸಾಗಬೇಕೆಂದು ಚರಕಸಂಹಿತೆ ಬೋಧಿಸುತ್ತದೆ. ಇದನ್ನೇ ಪಾದಾಂಶಿಕ ಕ್ರಮ ಎನ್ನುತ್ತೇವೆ. ನನ್ನಲ್ಲಿಗೆ ಬರುವವರಿಗೆ ನಾನು ಹೇಳುವುದೂ ಇಷ್ಟೇ. ಈಗ ದಿನಕ್ಕೆ 2 ಕಿಲೋಮೀಟರ್ ನಡೆಯುತ್ತಿದ್ದರೆ ಎರಡು ವಾರ ಅಷ್ಟನ್ನೇ ನಡೆಯಿರಿ. ನೋವಿಲ್ಲದಿದ್ದರೆ ಅರ್ಧ ಕಿಲೋಮೀಟರ್ ಸೇರಿಸಿರಿ. ಮತ್ತೆ ಎರಡು ವಾರ ಕಾಯಿರಿ. ಓಡುವ ಆಸೆಯಿದ್ದರೆ ನಾಲ್ಕು ನಿಮಿಷ ನಡೆದು ಒಂದು ನಿಮಿಷ ಓಡಿರಿ. ವಾರಕ್ಕೊಂದು ದಿನ ಪೂರ್ಣ ವಿಶ್ರಾಂತಿ ಇರಲಿ. ಹೀಗೆ ಹೋದವನು ಒಂದು ವರ್ಷದಲ್ಲಿ ತಲುಪುವ ಸ್ಥಳಕ್ಕೆ ಆತುರದವನು ಎಂದೂ ತಲುಪುವುದಿಲ್ಲ, ಏಕೆಂದರೆ ಅವನು ಎರಡನೆಯ ವಾರದಲ್ಲೇ ಮನೆಯಲ್ಲಿ ಕುಳಿತಿರುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆಯನ್ನು ಸೂಚಿಸುತ್ತದೆ. ವಾರದ ಐದು ದಿನ ಅರ್ಧ ಗಂಟೆ, ಇಷ್ಟೇ ಲೆಕ್ಕ.

ಈಜು ಮತ್ತು ಓಟ ಎರಡನ್ನೂ ಜೊತೆಗೂಡಿಸಬೇಕೆಂದು ಹೇಳುವುದಕ್ಕೆ ಕಾರಣವಿದೆ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಈ ಭಾರ ಹದವಾಗಿದ್ದರೆ ಮೂಳೆಗೆ ಬಲ, ಅತಿಯಾದರೆ ಸಂಧಿಗೆ ಪೆಟ್ಟು. ನೀರಿನಲ್ಲಿ ಸ್ಥಿತಿ ಬೇರೆ. ಸೊಂಟದವರೆಗೆ ನೀರಿನಲ್ಲಿ ನಿಂತಾಗ ದೇಹದ ಭಾರ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಕುತ್ತಿಗೆಯವರೆಗೆ ನಿಂತರೆ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ಕಾಲಿಗೆ ತಗಲುತ್ತದೆ. ಆದುದರಿಂದಲೇ ಸಂಧಿವಾತದವರು, ಸ್ಥೂಲಕಾಯರು ನೆಲದ ಮೇಲೆ ಮಾಡಲಾಗದ ಚಲನೆಗಳನ್ನು ನೀರಿನಲ್ಲಿ ನೋವಿಲ್ಲದೆ ಮಾಡಬಲ್ಲರು. ಈಜು ಭುಜ, ಬೆನ್ನು, ಶ್ವಾಸಕೋಶಗಳನ್ನು ಬಲಪಡಿಸುತ್ತದೆ. ಆದರೆ ಮೂಳೆಗೆ ಬೇಕಾದ ಭಾರವನ್ನು ಅದು ಕೊಡಲಾರದು. ಆ ಕೊರತೆಯನ್ನು ನಡಿಗೆ ಮತ್ತು ಓಟ ತುಂಬುತ್ತವೆ. ಒಂದರ ದೋಷವನ್ನು ಇನ್ನೊಂದು ಪರಿಹರಿಸುವ ಈ ಜೋಡಿ ಪ್ರಾಯ ಸಂದವರಿಗೆ ವಿಶೇಷ ಹಿತಕರ.

ದೇಹದ ಮಾತಾಯಿತು, ಇನ್ನು ಮನಸ್ಸಿನದು. ಪಂಜಾಬಿನ ಮೂಲದ ಫೌಜಾ ಸಿಂಗ್ ಅವರ ಹೆಸರನ್ನು ಹಲವರು ಕೇಳಿರಬಹುದು. ಮಗನನ್ನು ಕಳೆದುಕೊಂಡ ದುಃಖದಿಂದ ಹೊರಬರಲು ಮುಪ್ಪಿನಲ್ಲಿ ಅವರು ಓಟವನ್ನು ಆಶ್ರಯಿಸಿದರು. 2000ದಲ್ಲಿ, ತಮ್ಮ 89ನೆಯ ವಯಸ್ಸಿನಲ್ಲಿ, ಲಂಡನ್ ಮ್ಯಾರಥಾನ್ ಓಡಿದರು. 2011ರಲ್ಲಿ, ನೂರರ ಪ್ರಾಯದಲ್ಲಿ, ಟೊರಾಂಟೊದಲ್ಲಿ ಪೂರ್ಣ ಮ್ಯಾರಥಾನ್ ಮುಗಿಸಿದರು. ಜನನ ಪ್ರಮಾಣಪತ್ರ ಇಲ್ಲವೆಂಬ ಕಾರಣಕ್ಕೆ ಗಿನ್ನೆಸ್ ಸಂಸ್ಥೆ ಅದನ್ನು ದಾಖಲೆಯೆಂದು ಒಪ್ಪಲಿಲ್ಲ. ಅದರಿಂದ ಅವರ ಓಟ ನಿಲ್ಲಲಿಲ್ಲ. ಚಂಡೀಗಢದ ಮಾನ್ ಕೌರ್ ಅವರು ಓಡಲು ಆರಂಭಿಸಿದ್ದೇ 93ರ ಪ್ರಾಯದಲ್ಲಿ. 101ನೆಯ ವಯಸ್ಸಿನಲ್ಲಿ, 2017ರ ಆಕ್ಲೆಂಡ್ ಕ್ರೀಡಾಕೂಟದಲ್ಲಿ, 100 ಮೀಟರ್ ಓಟದ ಚಿನ್ನ ಗೆದ್ದರು. ಇವರಲ್ಲಿ ನಾನು ಕಾಣುವುದು ಮೊದಲು ಮನಸ್ಸಿನ ಆರೋಗ್ಯವನ್ನು. ದುಃಖವನ್ನಾಗಲಿ, ಒಂಟಿತನವನ್ನಾಗಲಿ ಮಾತಿನಿಂದ ಮಾತ್ರ ಕರಗಿಸಲಾಗದು. ಬೆಳಿಗ್ಗೆ ಎದ್ದು ಹೊರಡಲು ಒಂದು ಕಾರಣ ಬೇಕು, ನಿತ್ಯ ಬೆವರುವ ಒಂದು ಕೆಲಸ ಬೇಕು.

ಅಭ್ಯಾಸಕ್ಕೆ ಬಿದ್ದವನಲ್ಲಿ ಇನ್ನೂ ಕೆಲವು ಬದಲಾವಣೆಗಳನ್ನು ನಾನು ಕಂಡಿದ್ದೇನೆ. ನಸುಕಿನಲ್ಲಿ ಏಳಬೇಕಾದವನು ರಾತ್ರಿ ಬೇಗ ಮಲಗುತ್ತಾನೆ. ಬೇಗ ಮಲಗಬೇಕಾದವನು ಸಂಜೆಯ ಊಟವನ್ನು ಹಗುರ ಮಾಡಿಕೊಳ್ಳುತ್ತಾನೆ. ಓಟದಲ್ಲಿ ಉಸಿರು ಕಟ್ಟಿದ ದಿನ ತಂಬಾಕಿನ ಚೀಲ ತಾನಾಗಿ ಮೂಲೆ ಸೇರುತ್ತದೆ. ವೈದ್ಯರು ಹತ್ತು ವರ್ಷ ಹೇಳಿ ಮಾಡಿಸಲಾಗದುದನ್ನು ಒಂದು ಒಳ್ಳೆಯ ಅಭ್ಯಾಸ ಹತ್ತು ತಿಂಗಳಲ್ಲಿ ಮಾಡಿಸುತ್ತದೆ. ಮುಖ್ಯವಾದುದೆಂದರೆ, ನಿನ್ನೆಯ ತನ್ನೊಡನೆ ಇಂದಿನ ತನ್ನನ್ನು ಅಳೆದುಕೊಳ್ಳುವವನಿಗೆ ಪರರ ಮೇಲಿನ ಅಸೂಯೆಗೆ ಬಿಡುವಿರುವುದಿಲ್ಲ. ವ್ಯಕ್ತಿತ್ವ ವಿಕಸನಕ್ಕೆಂದು ಶಿಬಿರಗಳನ್ನು ಹುಡುಕಿಕೊಂಡು ಹೋಗುವವರು ಇದನ್ನು ಗಮನಿಸಬೇಕು.

ಆದರೆ ಈ ವಿಕಸನ ವ್ಯಕ್ತಿಯಲ್ಲೇ ನಿಂತರೆ ಅರ್ಧ ಮಾತ್ರ. ತಾನು ಕಲಿತುದನ್ನು ಇನ್ನೊಬ್ಬರಿಗೆ ದಾಟಿಸಿದಾಗ ಅದು ಪೂರ್ಣವಾಗುತ್ತದೆ. ಈಜಿನ ಮಟ್ಟಿಗೆ ಇದು ಜೀವ ಉಳಿಸುವ ಪ್ರಶ್ನೆಯೂ ಹೌದು. ನಮ್ಮ ಕೊಕ್ಕರ್ಣೆಯ ಬಳಿಯಲ್ಲೇ ಸೀತಾನದಿ ಹರಿಯುತ್ತದೆ. ಆಗುಂಬೆಯ ಘಟ್ಟಸೀಮೆಯಲ್ಲಿ ಹುಟ್ಟಿ, ಹೆಬ್ರಿ, ಬಾರಕೂರುಗಳ ದಾರಿಯಾಗಿ ಹರಿದು ಕೋಡಿ ಬೆಂಗ್ರೆಯ ಬಳಿ ಸಮುದ್ರ ಸೇರುವ ನದಿಯದು. ಹಿಂದಿನ ತಲೆಮಾರಿನ ಮಕ್ಕಳು ಬಾಳೆದಿಂಡನ್ನೋ ಜೋಡಿ ಒಣ ತೆಂಗಿನಕಾಯಿಯನ್ನೋ ಸೊಂಟಕ್ಕೆ ಆಧಾರ ಮಾಡಿಕೊಂಡು, ಅಪ್ಪನ ಅಥವಾ ಮಾವನ ಕಣ್ಣೆದುರಿನಲ್ಲಿ ಈಜು ಕಲಿಯುತ್ತಿದ್ದರು. ಇಂದು ನದಿಯ ದಡದ ಮನೆಯ ಮಗುವಿಗೂ ಈಜು ಬಾರದು. ಹೆಣ್ಣುಮಕ್ಕಳ ಪಾಡಂತೂ ಹೇಳತೀರದು: ದಿನವೂ ಬಾವಿಯ ನೀರು ಸೇದುವ ಕೈಗಳಿಗೆ ಆ ನೀರಿನಲ್ಲಿ ತೇಲುವ ವಿದ್ಯೆಯನ್ನು ನಾವು ಕಲಿಸಲೇ ಇಲ್ಲ. ರಜೆ ಬಂತೆಂದರೆ ನದಿಯ ಗುಂಡಿಯಲ್ಲಿ, ಮಳೆನೀರು ತುಂಬಿದ ಕೆಂಪುಕಲ್ಲಿನ ಕೋರೆಯಲ್ಲಿ, ಕಡಲ ಕಿನಾರೆಯಲ್ಲಿ ಮಕ್ಕಳು ಮುಳುಗಿದ ವಾರ್ತೆಯನ್ನು ಓದಬೇಕಾಗುತ್ತದೆ.

ಘಟ್ಟದ ಮೇಲಿನ ಸದ್ಭಕ್ತರಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಕೆರೆಗಳಿವೆ, ಕಾಲುವೆಗಳಿವೆ, ಕೃಷಿಹೊಂಡಗಳಿವೆ, ತುಂಗಭದ್ರಾ, ಮಲಪ್ರಭಾ, ಕೃಷ್ಣಾ ನದಿಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಐದು ವರ್ಷದೊಳಗಿನ ಮಕ್ಕಳು. ಇದು ಔಷಧವಿಲ್ಲದ ವ್ಯಾಧಿಯಲ್ಲ. ಬಾಲ್ಯದಲ್ಲಿ ನೀರಿನ ಅಪಾಯದಿಂದ ಪಾರಾಗಿ, ಆ ಭಯವನ್ನು ಗೆಲ್ಲಲೆಂದೇ ಈಜು ಕಲಿತ ಬೆಂಗಳೂರಿನ ನಿಶಾ ಮಿಲೆಟ್ ಅವರು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದರು. ಕೇರಳದ ಆಲುವಾದಲ್ಲಿ ಸಜಿ ವಾಳಶ್ಶೇರಿ ಎಂಬವರು ಪೆರಿಯಾರ್ ನದಿಯಲ್ಲೇ ವರ್ಷವರ್ಷವೂ ಸಾವಿರಾರು ಜನರಿಗೆ, ಮಕ್ಕಳು, ಮಹಿಳೆಯರು, ಅಂಗವಿಕಲರೆನ್ನದೆ, ಉಚಿತವಾಗಿ ಈಜು ಕಲಿಸುತ್ತ ಬಂದಿದ್ದಾರೆ. ಕಡೆಕಾರ್ ಅವರೂ ಊರಿನ ಅನೇಕರಿಗೆ ಈಜು ಕಲಿಸಿದವರೇ. ಇದು ವಿದ್ಯಾದಾಸೋಹವಲ್ಲದೆ ಮತ್ತೇನು?

ಆದುದರಿಂದ ನನ್ನ ವಿನಂತಿ ಇಷ್ಟು. ಪ್ರತಿಯೊಂದು ಊರಿನಲ್ಲಿ ಈಜು ಬಲ್ಲ ಹಿರಿಯರು ಇನ್ನೂ ಒಬ್ಬಿಬ್ಬರಿದ್ದಾರೆ. ಶಾಲೆ, ಯುವಕ ಮಂಡಲ, ಮಹಿಳಾ ಮಂಡಲಗಳು ಅವರನ್ನು ಮುಂದಿಟ್ಟುಕೊಂಡು, ಮಳೆ ಪೂರ್ಣ ನಿಂತು ನೀರು ತಿಳಿಯಾದ ಮೇಲೆ, ಆಳ ತಿಳಿದಿರುವ ಸ್ಥಳದಲ್ಲಿ, ಹಗ್ಗ ಮತ್ತು ತೇಲುಸಾಧನಗಳೊಂದಿಗೆ, ಮಕ್ಕಳಿಗೆ ಈಜು ಕಲಿಸಲಿ. ಹೆಣ್ಣುಮಕ್ಕಳಿಗೆ ಕಲಿಸಲು ಮಹಿಳೆಯರೇ ಮುಂದಾಗಲಿ. ಪಟ್ಟಣಕ್ಕೆ ಹತ್ತಿರವಿರುವವರಿಗೆ ಉಡುಪಿಯ ಅಜ್ಜರಕಾಡಿನಲ್ಲಿರುವಂತಹ ಈಜುಕೊಳಗಳ ಸೌಲಭ್ಯವಿದೆ. ಮುಳುಗಿದವರನ್ನು ಹೊರತೆಗೆದಾಗ ತಲೆಕೆಳಗಾಗಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಮುಂತಾದ ರೂಢಿಗಳನ್ನು ಕೈಬಿಡಬೇಕು. ಅವುಗಳಿಂದ ಅಮೂಲ್ಯ ಸಮಯ ನಷ್ಟವಾಗುತ್ತದೆ. ಉಸಿರಾಟವಿಲ್ಲದಿದ್ದರೆ ಅಂಗಾತ ಮಲಗಿಸಿ, ಬಾಯಿಗೆ ಬಾಯಿಟ್ಟು ಉಸಿರು ನೀಡಿ, ಎದೆಯ ನಡುವೆ 30 ಬಾರಿ ಒತ್ತಿ 2 ಬಾರಿ ಉಸಿರು ಕೊಡುವ ಕ್ರಮವನ್ನು ಮುಂದುವರಿಸುತ್ತ 108ಕ್ಕೆ ಕರೆ ಮಾಡಿಸಬೇಕು. ಈ ವಿಧಾನವನ್ನು ಬಲ್ಲವರಿಂದ ಒಮ್ಮೆ ಪ್ರತ್ಯಕ್ಷ ಕಲಿತಿರುವುದು ಅವಶ್ಯ. ಈಜು ಬಾರದವರು ಮುಳುಗುವವರ ಹಿಂದೆ ಹಾರಬಾರದು. ಹಗ್ಗ, ಸೀರೆ, ಉದ್ದನೆಯ ಕೋಲು ಕೈಗೆ ಸಿಕ್ಕುದನ್ನು ಚಾಚಬೇಕು.

ಅಭ್ಯಾಸ ಆರಂಭಿಸುವವರಿಗೆ ಕೆಲವು ಪಥ್ಯದ ಮಾತುಗಳು. ನಲವತ್ತು ದಾಟಿದವರು, ಮಧುಮೇಹ, ರಕ್ತದೊತ್ತಡ, ಹೃದ್ರೋಗವುಳ್ಳವರು ವೈದ್ಯರ ಪರೀಕ್ಷೆಯಿಲ್ಲದೆ ಓಟಕ್ಕಾಗಲಿ ಈಜಿಗಾಗಲಿ ಇಳಿಯಬಾರದು. ಎದೆಯಲ್ಲಿ ಬಿಗಿತ, ಎಡಗೈ ಅಥವಾ ದವಡೆಯ ನೋವು, ತಲೆಸುತ್ತು ಕಂಡರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು; ಅದನ್ನು ವಾಯುವೆಂದು ಕಷಾಯ ಕುಡಿದು ಮಲಗುವುದು ಅಪಾಯಕರ. ಚಳಿಗಾಲ ಮತ್ತು ವಸಂತ ವ್ಯಾಯಾಮಕ್ಕೆ ಪ್ರಶಸ್ತ. ಬೇಸಿಗೆ, ಮಳೆಗಾಲಗಳಲ್ಲಿ ಪ್ರಮಾಣ ತಗ್ಗಬೇಕು. ಮಳೆಗಾಲದಲ್ಲಿ ನದಿಗೆ ಇಳಿಯಲೇಬಾರದು. ಕಾಲಿನಲ್ಲಿ ಗಾಯವಿದ್ದಾಗ ನಿಂತ ನೀರಿನಲ್ಲಿ ಓಡಾಡುವುದರಿಂದ ಇಲಿಜ್ವರ ತಗಲುವ ಭಯ ನಮ್ಮ ಜಿಲ್ಲೆಯಲ್ಲಿ ಸದಾ ಇದೆ. ವಾರಕ್ಕೆ ಎರಡು ದಿನವಾದರೂ ಎಳ್ಳೆಣ್ಣೆ ಅಥವಾ ತೆಂಗಿನೆಣ್ಣೆಯ ಅಭ್ಯಂಗ ಮಾಡಿ ಬಿಸಿನೀರ ಸ್ನಾನ ಮಾಡಿದರೆ ಸ್ನಾಯುಗಳ ಬಿಗಿತ ಸಡಿಲವಾಗುತ್ತದೆ. ಈಜಿದ ಮೇಲೆ ಕಿವಿಯನ್ನು ಮೃದುವಾದ ಬಟ್ಟೆಯಿಂದ ಒರೆಸಬೇಕು. ಕಿವಿ ಸೋರುವವರು ನೀರಿಗೆ ಇಳಿಯಬಾರದು, ಕಿವಿಗೆ ಎಣ್ಣೆಯನ್ನೂ ಬಿಡಬಾರದು. ಆಹಾರಕ್ಕಾಗಿ ದುಬಾರಿ ಪುಡಿಗಳ ಡಬ್ಬಿ ಅನಗತ್ಯ. ಕುಚ್ಚಲಕ್ಕಿ ಗಂಜಿ, ಬೇಯಿಸಿದ ಹೆಸರುಕಾಳು, ಬಾಳೆಹಣ್ಣು, ಮಜ್ಜಿಗೆ, ಬೇಸಿಗೆಯಲ್ಲಿ ಪುನರ್ಪುಳಿಯ ಶರಬತ್ತು. ಬಯಲುಸೀಮೆಯವರಿಗೆ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ. ಊಟವಾದ ಎರಡು ಮೂರು ಗಂಟೆಯೊಳಗೆ ಓಟವೂ ಬೇಡ, ಈಜೂ ಬೇಡ.

ದಾಖಲೆಗಳು ಒಬ್ಬರಿಂದ ಇನ್ನೊಬ್ಬರಿಗೆ ಕೈ ಬದಲಾಯಿಸುತ್ತಲೇ ಇರುತ್ತವೆ. ಇಂದಿನ ಸೆಕೆಂಡುಗಳನ್ನು ನಾಳೆ ಮತ್ತೊಬ್ಬರು ಮುರಿಯುತ್ತಾರೆ. ಯಾರೂ ಮುರಿಯಲಾಗದುದು ನಿತ್ಯದ ಅಭ್ಯಾಸದಿಂದ ದೇಹಕ್ಕೆ ಬಂದ ಲಾಘವವನ್ನು, ಮನಸ್ಸಿಗೆ ಬಂದ ಧೃತಿಯನ್ನು. ಅವುಗಳಿಗೆ ಪ್ರಮಾಣಪತ್ರವಿಲ್ಲ, ಹಾರ ತುರಾಯಿಗಳಿಲ್ಲ. ಈ ಸಂಚಿಕೆ ತಮ್ಮ ಕೈ ಸೇರಿದ ದಿನವೇ ತಮ್ಮ ಅರ್ಧ ಬಲವೆಷ್ಟೆಂದು ಅಳೆದು ನೋಡಿರಿ. ಮನೆಯಲ್ಲಿ ಈಜು ಬಾರದ ಮಕ್ಕಳೆಷ್ಟೆಂದೂ ಎಣಿಸಿರಿ. ಮೊದಲನೆಯದು ತಮ್ಮ ಆರೋಗ್ಯಕ್ಕೆ, ಎರಡನೆಯದು ಮುಂದಿನ ಪೀಳಿಗೆಯ ಆಯುಷ್ಯಕ್ಕೆ.